ಶೇ 60 ಕನ್ನಡ ಸರಿ, ಓದೋಕೆ ಆಗ್ಬೇಕಲ್ಲ?

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ಕೆಳಗುರುಳಿದವು. ಎರಡೇ ತಿಂಗಳಲ್ಲಿ ವಿಧಾನಮಂಡಲ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ. ಈ ನಿಯಮ ರಾಜ್ಯಕ್ಕೆಲ್ಲ ಒಂದೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಅಂಗಡಿಗಳೂ ಇದರೊಳಗೇ ಬರುತ್ತವೆ.

ನಿಯಮಕ್ಕೆ ನನ್ನ ತಕರಾರಿಲ್ಲ. ತಕರಾರು ಅಳತೆಯ ಬಗ್ಗೆ. ಕಾನೂನು ಟೇಪು ಹಿಡಿದು ಜಾಗ ಅಳೆಯುತ್ತೆ. ಆದರೆ ಸಂಜೆ ಏಳರ ನಂತರ ಬೋರ್ಡು ಓದಿಸೋದು ಜಾಗವಲ್ಲ, ಬೆಳಕು.

ಹೊಳಪನ್ನು ಅಳೆಯುವ ಮಾನ 'ನಿಟ್'. ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ ಅಂದ್ರೆ ಒಂದು ನಿಟ್. ಸುಡುಬಿಸಿಲಿನಲ್ಲಿ ಕಾಣಬೇಕಾದ ಎಲ್‌ಇಡಿ ಪರದೆಗೆ ಸಾವಿರಾರು ನಿಟ್ ಬೇಕು. ರಾತ್ರಿಗೆ ಕೆಲವು ನೂರು ಸಾಕು, ಕತ್ತಲ ಬೀದಿಯಲ್ಲಿ ಅದಕ್ಕಿಂತಲೂ ಕಡಿಮೆ. ಕರೆಂಟು ಎರಡು ಪಟ್ಟು ಸುಟ್ಟರೂ ಕಣ್ಣಿಗೆ ಎರಡು ಪಟ್ಟು ಹೊಳಪು ಕಾಣೋದಿಲ್ಲ. ಬಿಲ್ ಮಾತ್ರ ಕಾಣುತ್ತೆ.

ಮಿತಿ ಮೀರಿದ ಬೆಳಕು ಅಕ್ಷರವನ್ನೇ ನುಂಗುತ್ತೆ. ಕಪ್ಪು ಹಿನ್ನೆಲೆಯಲ್ಲಿ ಉರಿಯುವ ಅಕ್ಷರದ ಅಂಚು ಕಣ್ಣಿನಲ್ಲಿ ಹರಡಿಕೊಳ್ಳುತ್ತೆ. ರೋಮನ್ ದೊಡ್ಡಕ್ಷರಗಳು ಇದನ್ನು ಹೇಗೋ ತಡೆದುಕೊಳ್ಳುತ್ತವೆ. ಕನ್ನಡಕ್ಕೆ ಕಷ್ಟ. 'ದ'ಗೂ 'ಧ'ಗೂ, 'ಬ'ಗೂ 'ಭ'ಗೂ ಇರುವ ವ್ಯತ್ಯಾಸ ಹೊಟ್ಟೆ ಸೀಳುವ ಒಂದು ಸಣ್ಣ ಗೆರೆ. ಒತ್ತಕ್ಷರಗಳಂತೂ ಇನ್ನೂ ಚಿಕ್ಕವು. ಒಳ್ಳೆಯ ಕಣ್ಣಿಗೂ 30 ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರಿಗಿಂತ ಚಿಕ್ಕ ಸಂದು ಬಿಡಿಯಾಗಿ ಕಾಣೋದು ಕಷ್ಟ. ಅದರ ಮೇಲೆ ಬೆಳಕು ಚೆಲ್ಲಿದರೆ ಆ ಸಂದೂ ಮುಚ್ಚಿಹೋಗುತ್ತೆ. ಕಣ್ಣಿನ ಪೊರೆ ಇರುವ ಹಿರಿಯರಿಗೆ ಉಳಿಯೋದು ಬರೀ ಬೆಳಕಿನ ಮುದ್ದೆ. ರಸ್ತೆಯಲ್ಲಿ ಬೈಕ್ ಓಡಿಸುವವರಿಗೆ ಅದರ ಪಕ್ಕದ ಕತ್ತಲಲ್ಲಿ ನಿಂತ ಮನುಷ್ಯನೇ ಕಾಣೋದಿಲ್ಲ.

ಹಾಗಾದರೆ ಅಂಗಡಿಯವರು ಯಾಕೆ ಹೊಳಪು ಏರಿಸ್ತಾರೆ? ಪಕ್ಕದವರು ಏರಿಸಿದ್ದಾರೆ ಅಂತ. ಒಬ್ಬರೇ ಇಳಿಸಿದರೆ ಅವರ ಅಂಗಡಿ ಮಂಕು, ಎಲ್ಲರೂ ಇಳಿಸಿದರೆ ಯಾರಿಗೂ ನಷ್ಟವಿಲ್ಲ. ಇಂಥ ಪೈಪೋಟಿಯನ್ನು ಬಿಡಿಸಬೇಕಾದದ್ದು ವ್ಯಾಪಾರಿಯಲ್ಲ, ಸ್ಥಳೀಯ ಸಂಸ್ಥೆ. ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ರಾತ್ರಿ 1ರಿಂದ ಬೆಳಗ್ಗೆ 6ರವರೆಗೆ ಅಂಗಡಿ ಬೋರ್ಡಿನ ದೀಪ ಆರಿಸಲೇಬೇಕು. ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಬೋರ್ಡಿಗೆ ಅನುಮತಿ ಕೊಡುವಾಗ ನಗರಸಭೆ, ಪುರಸಭೆ ಮೂರು ಷರತ್ತು ಹಾಕಲಿ: ರಾತ್ರಿ ಹೊಳಪಿಗೆ ಮಿತಿ, ಹೊಳಪು ತಗ್ಗಿಸುವ ಡಿಮ್ಮರ್, ಬಾಗಿಲು ಹಾಕಿದ ಮೇಲೆ ಆರುವ ಟೈಮರ್.

ಕನ್ನಡ ಬೋರ್ಡಿಗಾಗಿ ಬೀದಿಗಿಳಿದ ಗೆಳೆಯರಿಗೂ ಒಂದು ಮಾತು. ಮುಂದಿನ ಸಲ ಟೇಪಿನ ಜೊತೆ ಒಬ್ಬ ಅಜ್ಜನನ್ನೂ ಕರೆದುಕೊಂಡು ಹೋಗಿ. ರಾತ್ರಿ, ರಸ್ತೆಯ ಆ ಬದಿಯಿಂದ ಅವರು ಓದಿ ಹೇಳಿದರೆ ಮಾತ್ರ ಅದು ಕನ್ನಡ ಬೋರ್ಡು.