ಔಷಧದಾನ ಮರುತಿಂಗಳೂ ನಡೆಯಲಿ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಶ್ರಾವಕನ ಕರ್ತವ್ಯವೆಂದು ಜೈನಾಚಾರ್ಯರು ಬೋಧಿಸಿದ್ದಾರೆ. ಬಸದಿಯ ಉತ್ಸವಗಳಲ್ಲಿ ಆಹಾರದಾನ ಚೆನ್ನಾಗಿಯೇ ನಡೆಯುತ್ತದೆ. ಶಾಸ್ತ್ರದಾನಕ್ಕೂ ದಾನಿಗಳು ದೊರೆಯುತ್ತಾರೆ. ಚಿಕಿತ್ಸೆಯ ವೆಚ್ಚ ಉಳ್ಳವರನ್ನೂ ನಡುಗಿಸುತ್ತಿರುವ ಈ ಕಾಲದಲ್ಲಿ ಔಷಧದಾನದ ಅರ್ಥವನ್ನು ನಾವು ಮತ್ತೊಮ್ಮೆ ಚಿಂತಿಸಬೇಕಾಗಿದೆ.

ವೆಚ್ಚ ತಗ್ಗಿಸುವ ಮೊದಲ ದಾರಿ ನಮ್ಮ ಊಟದ ಎಲೆಯಲ್ಲೇ ಇದೆ. ಆರು ಬಾಹ್ಯತಪಗಳಲ್ಲಿ ಅವಮೌದರ್ಯವೆಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ರಸಪರಿತ್ಯಾಗವೆಂದರೆ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ತೊರೆಯುವುದು. ರಕ್ತದೊತ್ತಡವಿರುವವರಿಗೆ ಉಪ್ಪನ್ನೂ ಮಧುಮೇಹಿಗಳಿಗೆ ಸಿಹಿಯನ್ನೂ ಮಿತಗೊಳಿಸಿರೆಂದು ಇಂದಿನ ವೈದ್ಯರೂ ಹೇಳುತ್ತಾರೆ. ತಪಸ್ಸಿನ ಗುರಿ ಕರ್ಮನಿರ್ಜರೆ. ಆರೋಗ್ಯ ಅದರ ಜೊತೆಗೆ ಬರುವ ಲಾಭ.

ಆದರೆ ವ್ರತವನ್ನು ಔಷಧದ ಸ್ಥಾನದಲ್ಲಿ ಇಡಲಾಗದು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮುನಿಗಳಾಗಿದ್ದೂ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದರು. ಉಪವಾಸದ ನೆಪದಲ್ಲಿ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಸಂಯಮವಲ್ಲ, ಪ್ರಮಾದ.

ಎರಡನೆಯ ದಾರಿ ದಾನದ್ದು. ನಮ್ಮ ಮೂಡಿಗೆರೆ, ಕಳಸದ ಕಾಫಿ ತೋಟಗಳ ಲೈನ್ ಮನೆಗಳನ್ನು ನೋಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆದರೆ ತರಲು ಹೋದರೆ ಒಂದು ದಿನದ ಕೂಲಿ ಹೋಯಿತು. ಕೊಯ್ಲಿನ ಕಾಲದಲ್ಲಿ ಆ ಕೂಲಿ ಬಿಡಲು ಯಾರಿಗೂ ಮನಸ್ಸು ಬಾರದು. ನೋವೇ ಕಾಣಿಸದ ಕಾಯಿಲೆಗೆ ಮಾತ್ರೆ ಏಕೆಂದು ನಿಂತೇ ಹೋಗುತ್ತದೆ. ಕೆಲವರಿಗೆ ಮುಂದೊಂದು ದಿನ ಪಾರ್ಶ್ವವಾಯು ಬಡಿಯುತ್ತದೆ. ಆಗ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೋ, ಇಲ್ಲವೇ ಹಾಸನಕ್ಕೋ ಓಡಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆಗೆ ನೆರವಿದೆ, ನಿಜ. ಆದರೆ ಬಿದ್ದುಹೋದ ಕೈಯ ದುಡಿಮೆಯನ್ನು ಯಾವ ಕಾರ್ಡೂ ಹಿಂದಕ್ಕೆ ತಾರದು.

ನಾವು ವರ್ಷಕ್ಕೊಮ್ಮೆ ಉಚಿತ ತಪಾಸಣಾ ಶಿಬಿರ ನಡೆಸಿ ಔಷಧದಾನ ಮಾಡಿದೆವೆಂದು ತೃಪ್ತರಾಗುತ್ತೇವೆ. ಶಿಬಿರ ಬೇಕು, ಅಲ್ಲಿ ರೋಗ ಪತ್ತೆಯಾಗುತ್ತದೆ, ಕೆಲವು ದಿನಗಳ ಮಾತ್ರೆಯೂ ದೊರೆಯುತ್ತದೆ. ಅದು ಮುಗಿದ ಮರುದಿನ? ಆಯುಷ್ಯವಿಡೀ ನುಂಗಬೇಕಾದ ಮಾತ್ರೆಗೆ ಒಂದು ದಿನದ ದಾನ ಸಾಲದು.

ಆದುದರಿಂದ ಪ್ರತಿಯೊಂದು ಬಸದಿಯ ಸಮಾಜವೂ ನಿತ್ಯ ಔಷಧ ಬೇಕಾದವರ ಪಟ್ಟಿಯೊಂದನ್ನು, ಅವರ ಒಪ್ಪಿಗೆ ಪಡೆದು, ಇಟ್ಟುಕೊಳ್ಳಲಿ. ವಾಹನವಿರುವ ಶ್ರಾವಕರು ಸರದಿಯಂತೆ ತಿಂಗಳಿಗೊಮ್ಮೆ ವೈದ್ಯರ ಚೀಟಿ ಒಯ್ದು ಮಾತ್ರೆ ತಂದುಕೊಡಲಿ. ಸರ್ಕಾರಿ ಕೇಂದ್ರದಲ್ಲಿ ಇಲ್ಲದ್ದನ್ನು ಜನೌಷಧಿ ಕೇಂದ್ರದಲ್ಲಿ ಕೊಂಡರೆ ಬ್ರ್ಯಾಂಡ್ ಔಷಧಗಳ ಅರ್ಧ ಬೆಲೆಗೋ ಅದಕ್ಕೂ ಕಡಿಮೆಗೋ ಸಿಗುತ್ತದೆ. ತೋಟದ ಮಾಲೀಕರು ಕೆಲವು ತಿಂಗಳಿಗೊಮ್ಮೆ ತಮ್ಮ ಆಳುಗಳನ್ನು ಕೂಲಿ ಕಡಿಯದೆ ತಪಾಸಣೆಗೆ ಕಳುಹಿಸಲಿ. ಅರ್ಧ ದಿನದ ಆ ಕೂಲಿಯೂ ಔಷಧದಾನವೇ.

ದಾನಕ್ಕೆ ಸತ್ಪಾತ್ರರು ಮುನಿಗಳಲ್ಲವೇ, ತೋಟದ ಆಳಿಗೆ ಕೊಟ್ಟದ್ದು ದಾನವೇ ಎಂದು ಕೆಲವರು ಕೇಳಬಹುದು. ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ಪಾತ್ರದತ್ತಿಯ ಜೊತೆಗೇ ದಯಾದತ್ತಿಯನ್ನೂ ಹೇಳಿದ್ದಾರೆ. ಅನುಕಂಪೆಗೆ ಅರ್ಹತೆ ಜೀವಿಯ ನೋವೊಂದೇ. ಕುಲವನ್ನೂ ಮತವನ್ನೂ ಅಲ್ಲಿ ಕೇಳುವಂತಿಲ್ಲ.

ದಶಲಕ್ಷಣ ಪರ್ವದ ಎಂಟನೆಯ ದಿನ ಉತ್ತಮ ತ್ಯಾಗಧರ್ಮದ್ದು. ಈ ಬಾರಿ ಅಂದು ಪೂಜೆ ಮುಗಿದೊಡನೆ, ಬಸದಿಯ ಜಗಲಿಯಲ್ಲಿ ಕುಳಿತು ಆ ಪಟ್ಟಿಯ ಮೊದಲ ಹೆಸರನ್ನು ಬರೆಯೋಣ.