ವಾರಂಟಿಗೆ ‘ಇನ್ನ ಎರಡು ಸಾವಿರ’ ಕೊಡುವ ಮೊದಲು

ನಮ್ಮ ಗೆಳತಿಯೊಬ್ಬಳ ಓದಿಗೆಂದು ಅವರಪ್ಪ ಗೋವಿನಜೋಳ ಮಾರಿದ ದುಡ್ಡಿನಲ್ಲಿ ಲ್ಯಾಪ್‌ಟಾಪ್ ಕೊಡಿಸಿದರು. ಬಿಲ್ ಮಾಡುವಾಗ ಅಂಗಡಿಯ ಹುಡುಗ, “ಕಾಕಾರ, ಇನ್ನ ಎರಡು ಸಾವಿರ ಕೊಡ್ರಿ, ಮತ್ತ ಎರಡು ವರ್ಷ ಏನಾದ್ರೂ ನಾವ ನೋಡ್ಕೊಂತೀವಿ” ಅಂದ. ಅಪ್ಪ ಮಗಳ ಮುಖ ನೋಡಿದರು, ಎಣಿಸಿ ಕೊಟ್ಟರು.

ಹದಿನೈದು ತಿಂಗಳಾದ ಮೇಲೆ, ಗುಡುಗು ಮಳೆಯ ಒಂದು ಸಂಜೆ, ಚಾರ್ಜಿಗೆ ಹಾಕಿದ್ದ ಲ್ಯಾಪ್‌ಟಾಪ್ ಬಂದ್ ಆಯಿತು. ಹುಬ್ಬಳ್ಳಿಗೆ ಒಯ್ದರೆ, “ಕರೆಂಟ್ ಹೆಚ್ಚುಕಮ್ಮಿ ಆಗಿ ಸುಟ್ಟದ್ದು ಇದರಾಗ ಬರೂದಿಲ್ಲ” ಅಂದರು. ಕಾಗದ ಬಿಡಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು. ಅಲ್ಲಿಯವರೆಗೆ ನಾವ್ಯಾರೂ ಅದನ್ನು ಓದಿರಲಿಲ್ಲ. ಹುಡುಗ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿಯೂ ಇರಲಿಲ್ಲ.

ಹೆಚ್ಚುವರಿ ವಾರಂಟಿ ಬೇಡವೇ ಬೇಡ ಎಂದು ನಾವು ಹೇಳುತ್ತಿಲ್ಲ. ಆದರೆ ಹಳ್ಳಿಯಲ್ಲಿ ಸಾಮಾನು ಕೆಡುವುದು ಹೆಚ್ಚಾಗಿ ಯಾವುದರಿಂದ? ವೋಲ್ಟೇಜ್, ಸಿಡಿಲು, ನೀರು, ಇಲಿ, ಕೈಜಾರಿ ಬೀಳುವುದು. ಈ ವಾರಂಟಿಗಳು ಸಾಮಾನ್ಯವಾಗಿ ಹೊರಗಿಡುವುದೂ ಇವನ್ನೇ. ಅವು ನೋಡಿಕೊಳ್ಳುವುದು ಒಳಗಿನ ಭಾಗ ತಾನಾಗಿ ಕೆಟ್ಟರೆ ಮಾತ್ರ. ಬಿದ್ದು ಒಡೆದರೆ, ನೀರು ಹೊಕ್ಕರೆ ಅದಕ್ಕೆ ಬೇರೆ ಪ್ಲಾನ್, ಬೇರೆ ದುಡ್ಡು.

ಇನ್ನೊಂದು ಲೆಕ್ಕ. ಹೆಚ್ಚಿನ ಸಾಮಾನಿಗೆ ಕಂಪನಿಯೇ ಒಂದು ವರ್ಷ ವಾರಂಟಿ ಕೊಡುತ್ತದೆ. ನಾವು ಕೊಳ್ಳುವುದು ಶುರುವಾಗುವುದು ಅದು ಮುಗಿದ ಮೇಲೆ. “ಮೂರು ವರ್ಷದ್ದು” ಅಂದರೂ ನಮ್ಮ ದುಡ್ಡು ಎರಡೇ ವರ್ಷಕ್ಕೆ. ಎಷ್ಟೋ ಫ್ರಿಜ್‌ಗಳ ಕಂಪ್ರೆಸರ್‌ಗೆ ಕಂಪನಿಯದೇ ಹತ್ತು ವರ್ಷದ ವಾರಂಟಿ ಇರುತ್ತದೆ. ಕಂತಿನಲ್ಲಿ ಕೊಳ್ಳುವವರು ಸಾಲದ ಕಾಗದವನ್ನೂ ನೋಡಬೇಕು, ಕೇಳದೆಯೇ ವಾರಂಟಿಯ ದುಡ್ಡು ಅದರಲ್ಲಿ ಸೇರಿರಬಹುದು.

ಹಾಗಾಗಿ ಮೂರು ಪ್ರಶ್ನೆ ಕೇಳಿ. ವಾರಂಟಿ ಕೊಡುವವರು ಯಾರು, ಸಾಮಾನು ಮಾಡಿದ ಕಂಪನಿಯೋ, ನಡುವಿನ ಬೇರೆಯವರೋ? ರಿಪೇರಿಗೆ ಮನೆಗೆ ಬರುತ್ತಾರೋ, ನಾವೇ ಒಯ್ಯಬೇಕೋ? ಬ್ಯಾಟರಿ, ಚಾರ್ಜರ್, ವೋಲ್ಟೇಜ್ ಇದರಲ್ಲಿ ಬರುತ್ತವೋ ಇಲ್ಲವೋ, ಎಲ್ಲಿ ಬರೆದಿದೆ? ಗೊಟಗೋಡಿ ಹೆದ್ದಾರಿಯ ಮೇಲಿದೆ, ಹುಬ್ಬಳ್ಳಿ ದೂರವಲ್ಲ ಅನ್ನಬಹುದು. ಆದರೆ ಕೊಡಲು ಒಮ್ಮೆ, ತರಲು ಒಮ್ಮೆ ಹೋಗಿಬಂದರೆ ಎರಡು ದಿನದ ಕೂಲಿ ಹೋಯಿತು. ಅದನ್ನೂ ವಾರಂಟಿಯ ಬೆಲೆಗೇ ಸೇರಿಸಿ.

ನಮ್ಮ ಅಭಿಪ್ರಾಯ ಇಷ್ಟು: ಮಿಕ್ಸರ್, ಕಡಿಮೆ ಬೆಲೆಯ ಫೋನು, ಸಣ್ಣ ಟಿವಿಗೆ ಬೇಡ. ಆ ದುಡ್ಡಿನಲ್ಲಿ ಫ್ರಿಜ್ಜಿಗೋ ಟಿವಿಗೋ ಸ್ಟೆಬಿಲೈಸರ್ ತನ್ನಿ, ಉಳಿದದ್ದನ್ನು ರಿಪೇರಿಗೆಂದು ಸಂಘದಲ್ಲೋ ಪೋಸ್ಟ್ ಆಫೀಸಿನಲ್ಲೋ ಇಡಿ. ಗುಡುಗಿದಾಗ ಪ್ಲಗ್ ಕಿತ್ತಿಡುವುದಕ್ಕೆ ಖರ್ಚೇ ಇಲ್ಲ. ಓದಿಗೆ, ದುಡಿಮೆಗೆ ಬೇಕೇಬೇಕಾದ ಲ್ಯಾಪ್‌ಟಾಪ್ ಆದರೆ, ಕಂಪನಿಯದೇ ವಾರಂಟಿ, ಮನೆಗೆ ಬಂದು ರಿಪೇರಿ ಮಾಡುವಂಥದ್ದು ಸಿಕ್ಕರೆ ಕೊಳ್ಳಬಹುದು. ಕೆಲವು ಕಂಪನಿಗಳು ಮೊದಲ ವರ್ಷದ ಒಳಗೆ ಯಾವಾಗ ಬೇಕಾದರೂ ಕೊಡುತ್ತವೆ, ಬಿಲ್ಲಿನ ದಿನವೇ ಅವಸರ ಮಾಡಬೇಕಿಲ್ಲ.

ಕೊಂಡ ಮೇಲೆ ಮೋಸವಾಯಿತು ಅನ್ನಿಸಿದರೆ ಸುಮ್ಮನಿರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಹುಬ್ಬಳ್ಳಿಯಲ್ಲಿದ್ದರೂ ನಮಗೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗ ಸಾಕು. ಕೊಟ್ಟ ದುಡ್ಡು 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿಗೆ 2 ವರ್ಷ ಅವಕಾಶ. ಬಿಲ್ಲು, ವಾರಂಟಿ ಕಾಗದ ಎರಡರ ಫೋಟೋ ಅಂದೇ ಫೋನಿನಲ್ಲಿ ತೆಗೆದಿಡಿ, ಮನೆಯವರಿಗೂ ಕಳಿಸಿ.

ಮುಂದಿನ ಸಲ ಅಂಗಡಿಯಲ್ಲಿ ‘ಇನ್ನ ಎರಡು ಸಾವಿರ’ ಅಂದಾಗ, “ಕಾಗದ ಕೊಡ್ರಿ, ಮನ್ಯಾಗ ಓದಿ ನಾಳೆ ಹೇಳ್ತೀವಿ” ಅನ್ನಿ. ಓದಲು ಕೊಡದವರ ಹತ್ತಿರ ವಾರಂಟಿ ಕೊಳ್ಳಲೇಬೇಡಿ.