ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಗಣಕಯಂತ್ರ ಕೆಟ್ಟಿತೆಂದು ಅಂಗಡಿಗೆ ಒಯ್ದವರಿಗೆ ನಮ್ಮ ಭಾಗದಲ್ಲಿ ಹೆಚ್ಚಾಗಿ ಸಿಗುವ ಉತ್ತರ ಒಂದೇ: ‘ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಬೇಕು.’ ಇಂಡಿಯಿರಲಿ, ಸಿಂದಗಿಯಿರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿರಲಿ, ಈ ಮಂತ್ರ ಬದಲಾಗುವುದಿಲ್ಲ. ಯಂತ್ರ ಯಾವಾಗ ನಿಂತಿತು, ಏನು ಮಾಡುವಾಗ ನಿಂತಿತು ಎಂದು ಕೇಳುವವರು ವಿರಳ. ನಿಂಬೆ ವ್ಯಾಪಾರಿಯ ಲೆಕ್ಕ, ಶಾಲೆಯ ಅಂಕಪಟ್ಟಿ, ಮೊಮ್ಮಕ್ಕಳ ಫೋಟೋ ಎಲ್ಲವೂ ಅಳಿಸಿಹೋಗುತ್ತವೆ. ವಾರ ಕಳೆಯುವಷ್ಟರಲ್ಲಿ ಯಂತ್ರ ಮತ್ತೆ ನಿಲ್ಲುತ್ತದೆ. ಏಕೆಂದರೆ ರೋಗವಿದ್ದದ್ದು ಮೆಮೊರಿಯಲ್ಲಿ, ಬರೆ ಎಳೆದದ್ದು ಡಿಸ್ಕಿಗೆ.

ಕಾರಣ ತಿಳಿಯದೆ ಅಳಿಸುವ ಈ ಪದ್ಧತಿಯನ್ನು ನಾನು ವಿರೋಧಿಸುತ್ತೇನೆ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇದೇ ವೃತ್ತಿಯಲ್ಲಿದ್ದೀರಿ, ಬೇಸರಿಸದೆ ಓದಿರಿ.

ತಂತ್ರಾಂಶದ ದೋಷ ಸಾಮಾನ್ಯವಾಗಿ ಒಂದೇ ಕೆಲಸದಲ್ಲಿ, ಒಂದೇ ರೀತಿಯಲ್ಲಿ ಮರುಕಳಿಸುತ್ತದೆ. ಮೆಮೊರಿ ಕೆಟ್ಟಾಗ ಹಾಗಲ್ಲ. ಇಂದು ಬರೆಯುವಾಗ, ನಾಳೆ ಚಿತ್ರ ನೋಡುವಾಗ ನೀಲಿ ಪರದೆ. ಪ್ರತಿ ಸಲವೂ ಬೇರೆ ಸಂದೇಶ. ಹೊಸದಾಗಿ ವಿಂಡೋಸ್ ಹಾಕುವಾಗಲೇ ಅರ್ಧಕ್ಕೆ ನಿಂತರೆ ಅನುಮಾನ ಮೊದಲು ಯಂತ್ರಾಂಗದ ಮೇಲೆ ಬೀಳಬೇಕು.

ಪರೀಕ್ಷೆ ಹೇಗಿರಬೇಕೆಂಬುದಕ್ಕೆ ಒಂದು ಉದಾಹರಣೆ. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವರ ಲೆಕ್ಕಗಳು ತಾಳೆಯಾಗಲಿಲ್ಲ. ಅವರು ತಮ್ಮ ಪ್ರೋಗ್ರಾಂ, ಮದರ್‌ಬೋರ್ಡ್ ಎಂದು ಒಂದೊಂದನ್ನೇ ಪರಿಶೀಲಿಸಿ ಬದಿಗಿಡುತ್ತ ತಿಂಗಳುಗಳ ಬಳಿಕ ಇಂಟೆಲ್‌ನ ಪೆಂಟಿಯಂ ಪ್ರೊಸೆಸರೇ ಭಾಗಾಕಾರದಲ್ಲಿ ತಪ್ಪುತ್ತಿದೆ ಎಂದು ಕಂಡುಹಿಡಿದರು. ಸಾಮಾನ್ಯ ಬಳಕೆದಾರರಿಗೆ ಚಿಂತೆಯಿಲ್ಲವೆಂದು ಮೊದಲು ವಾದಿಸಿದ ಇಂಟೆಲ್, ಆ ಡಿಸೆಂಬರಿನಲ್ಲಿ ಕೇಳಿದವರಿಗೆಲ್ಲ ಬದಲಿ ಚಿಪ್ ಕೊಡಲು ಒಪ್ಪಿತು. ಅದಕ್ಕಾಗಿ 47.5 ಕೋಟಿ ಡಾಲರ್ ವೆಚ್ಚ ತೋರಿಸಿತು.

ಯಂತ್ರದ ಮಾತನ್ನೂ ಕಣ್ಣುಮುಚ್ಚಿ ನಂಬಲಾಗದು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಕೆಟ್ಟಾಗ, ಪರದೆಯ ಮೇಲೆ ‘ವಿಡಿಯೋ ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತಿತ್ತು. ದೋಷ ಗ್ರಾಫಿಕ್ಸ್ ಕಾರ್ಡಿನಲ್ಲಿರಲಿಲ್ಲ. 2024ರಲ್ಲಿ ಇಂಟೆಲ್ ತಿದ್ದುಪಡಿ ಬಿಡುಗಡೆ ಮಾಡಿ, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಆ ತಿದ್ದುಪಡಿ ಬಯೋಸ್ ಮೂಲಕ ಬರುತ್ತದೆ. ಆಗಲೇ ಹಾನಿಯಾದ ಚಿಪ್ಪನ್ನು ಅದು ಸರಿಪಡಿಸದು, ಬದಲಾಯಿಸಲೇಬೇಕು. ಇಲ್ಲಿ ನೂರು ಸಲ ಫಾರ್ಮ್ಯಾಟ್ ಮಾಡಿದರೂ ಫಲವೇನು?

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಡಿಸ್ಕನ್ನು ಬಿಚ್ಚಿ, ಆರೋಗ್ಯವಾಗಿರುವ ಬೇರೊಂದು ಯಂತ್ರಕ್ಕೆ ಜೋಡಿಸಿ ಕಡತಗಳ ಪ್ರತಿ ತೆಗೆಯಿರಿ. ಕೆಟ್ಟ ಮೆಮೊರಿಯ ಮೂಲಕ ತೆಗೆದ ಪ್ರತಿಯೂ ಕೆಡಬಹುದು. ನಂತರ ವಿದ್ಯುತ್ ತೆಗೆದು, ಫ್ಯಾನಿನ ಧೂಳು ಒರೆಸಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಪ್ರೊಸೆಸರ್ ಕಾದು ನಿಲ್ಲುವುದು ವಿಶೇಷವಲ್ಲ. ಮೆಮೊರಿ ಪಟ್ಟಿಗಳನ್ನು ತೆಗೆದು ಮತ್ತೆ ಬಿಗಿಯಾಗಿ ಕೂರಿಸಿ. ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ರಾತ್ರಿಯಿಡೀ ಓಡಿಸಿ. ದೋಷ ಕಂಡರೆ ಒಂದೊಂದೇ ಪಟ್ಟಿಯನ್ನಿಟ್ಟು, ಜಾಗ ಬದಲಿಸಿ ನೋಡಿ: ದೋಷ ಪಟ್ಟಿಯ ಹಿಂದೆ ಹೋದರೆ ಪಟ್ಟಿ ಕೆಟ್ಟಿದೆ, ಒಂದೇ ಜಾಗದಲ್ಲಿ ಉಳಿದರೆ ಬೋರ್ಡಿನ ಮೇಲೆ ಸಂಶಯ. ಇವೆಲ್ಲ ಸರಿಯಿದ್ದ ಮೇಲೆಯೇ ಪ್ರೊಸೆಸರಿನ ಸರದಿ.

ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಡಬೇಕು. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಕಲಿಸಿದ್ದು ಇದನ್ನೇ ಅಲ್ಲವೇ? ಆ ಪಾಠ ಪರೀಕ್ಷೆಯ ಉತ್ತರಪತ್ರಿಕೆಯಲ್ಲೇ ಉಳಿದು, ದುಡಿಮೆಗೆ ಇಳಿದಾಗ ನೆನಪಾಗದಿದ್ದರೆ ನಾವು ಕಲಿಸಿದ್ದರ ಬೆಲೆಯೇನು?

‘ಸರ್, ಅಷ್ಟು ಹೊತ್ತು ಪರೀಕ್ಷಿಸಿದರೆ ಗಿರಾಕಿ ದುಡ್ಡು ಕೊಡುವುದಿಲ್ಲ’ ಎಂದು ನೀವು ಹೇಳಬಹುದು. ಮಾತು ನಿಜ, ತಪ್ಪು ಗಿರಾಕಿಯದೂ ಹೌದು. ವೈದ್ಯರ ರಕ್ತಪರೀಕ್ಷೆಗೆ ಹಣ ತೆರುವ ನಾವು ಯಂತ್ರದ ಪರೀಕ್ಷೆಗೆ ಚೌಕಾಸಿ ಮಾಡುತ್ತೇವೆ. ಬಂಧುಗಳೇ, ಪರೀಕ್ಷೆಯ ಕೂಲಿ ಕೊಡಿ. ಶಿಷ್ಯರೇ, ಕೂಲಿ ಕೇಳಿ ಪಡೆಯಿರಿ. ಕಂಡ ದೋಷವನ್ನು ಗಿರಾಕಿಗೆ ತೋರಿಸಿ. ಫಾರ್ಮ್ಯಾಟ್ ಅಗತ್ಯವಾಗುವ ಸಂದರ್ಭಗಳೂ ಇವೆ. ಆದರೆ ಅದು ಪರೀಕ್ಷೆಯ ನಂತರದ ತೀರ್ಮಾನವಾಗಲಿ. ಕೆಟ್ಟ ಮೆಮೊರಿ ಪಟ್ಟಿಯನ್ನು ಪೇಟೆಯಿಂದ ಮತ್ತೆ ತರಬಹುದು. ತೀರಿಹೋದ ತಾಯಿಯ ಒಂದೇ ಒಂದು ಫೋಟೋವನ್ನು ಎಲ್ಲಿಂದ ತರುವುದು?